ಕುಣಿಮಗ್ಗದ ಕಾವು

ವೆಲ್ಲಿಂಗಿರಿ ತನ್ನ ಪಂಚೆಯನ್ನು ತಾನೇ ಒಗೆಯಲು ಶುರುಮಾಡಿದಾಗಲೇ ಅವನ ಹೆಂಡತಿ ಪಂಕಜಂಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಮದುವೆಯಾದಾಗಿನಿಂದ ಕುಡಿದ ಲೋಟವನ್ನು ಪಕ್ಕಕ್ಕೆ ಸರಿಸಿದವನಲ್ಲ ಆ ಮನುಷ್ಯ. ಈಗ ಎಲ್ಲರಿಗಿಂತ ಮೊದಲು ಎದ್ದು, ಬಾವಿಕಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಸೋಪು ಉಜ್ಜಿ ಉಜ್ಜಿ ಪಂಚೆ ಹಿಂಡುತ್ತಿದ್ದ.

"ಕೊಡಿ ಇಲ್ಲಿ. ಯಾರಾದ್ರೂ ನೋಡಿದ್ರೆ ನನ್ನ ತಾನೆ ಆಡ್ಕೊಳ್ಳೋದು?"

"ಆಡ್ಕೊಳ್ಳಲಿ. ನೀನು ಒಳಗೆ ಹೋಗು."

"ಏನಾಯ್ತು ಅಂತ ಹೇಳಿ."

"ಒಳಗೆ ಹೋಗು ಅಂದ್ನಲ್ಲ!"

ನೆಗಮಂನ ನೇಕಾರರ ಬೀದಿಯಲ್ಲಿ ಅವರದು ಎರಡು ಮಗ್ಗದ ಮನೆ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕೂತು ನೇಯುವ ಮಗ್ಗಗಳು. ಒಂದರಲ್ಲಿ ವೆಲ್ಲಿಂಗಿರಿ, ಇನ್ನೊಂದರಲ್ಲಿ ಅವನ ತಂಗಿ ರುಕ್ಮಣಿ. ತಾಯಿ ಸುಬ್ಬಾತಾಳ್ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಾಳೆ. ರಾಟೆಗಿಂತ ಬಾಯಿ ಜೋರಾಗಿ ತಿರುಗುತ್ತದೆ. ಪಂಕಜಂಗೆ ಮಕ್ಕಳಿಲ್ಲ. ಆ ಮಾತನ್ನು ಅವಳು ಮರೆಯದ ಹಾಗೆ ಅತ್ತೆ ನೋಡಿಕೊಳ್ಳುತ್ತಿದ್ದಳು. ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಜಗಳ ಬಂದರೆ ಎರಡೂ.

ಒಂದು ದಿನ ಪಂಚೆಯ ರಕ್ತದ ಕಲೆ ಸರಿಯಾಗಿ ಹೋಗಿರಲಿಲ್ಲ. ಹಗ್ಗದ ಮೇಲಿದ್ದುದನ್ನು ಸುಬ್ಬಾತಾಳ್ ನೋಡಿದಳು. ನೋಡಿ ಗಾಬರಿಯಾಗಲಿಲ್ಲ, ನೇರವಾಗಿ ಅಡುಗೆಮನೆಗೆ ಬಂದಳು.

"ಏನೇ, ಕೊಳಂಬಿಗೆ ಎಷ್ಟು ಮೆಣಸಿನಕಾಯಿ ಹಾಕ್ತೀಯಾ? ನನ್ನ ಮಗನಿಗೆ ಮಗ್ಗದ ಕಾವು ಹತ್ತಿದೆ. ಇವತ್ತಿಂದ ಮಜ್ಜಿಗೆ, ಮೆಂತ್ಯ, ಸಣ್ಣ ಈರುಳ್ಳಿ. ಬೇರೆ ಏನೂ ಬೇಡ."

"ಒಂದೇ ಪಾತ್ರೆಯಲ್ಲಿ ತಾನೆ ಎಲ್ಲಾರೂ ತಿನ್ನೋದು? ನಮಗ್ಯಾಕೆ ಬರ್ಲಿಲ್ಲ ಕಾವು?"

"ಎದುರು ಮಾತು ಒಂದು ಕಮ್ಮಿ ಇಲ್ಲ."

ದಿನವೆಲ್ಲ ಕೂತೇ ಇರುವವರಿಗೆ ಕೆಳಗೆ ಕಾವು ಸೇರುತ್ತದೆ, ಕಾವು ಹೆಚ್ಚಾದರೆ ರಕ್ತ ಬೀಳುತ್ತದೆ ಅನ್ನುವುದು ಆ ಬೀದಿಯ ನಂಬಿಕೆ. ಅರ್ಧ ಬೀದಿಗೆ ನಿಜವಾಗಿಯೂ ಮೂಲವ್ಯಾಧಿ ಇತ್ತು, ಹಾಗಾಗಿ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಸುಬ್ಬಾತಾಳ್ ಗಂಡ ಲಿಂಗಪ್ಪನ್ ನಲವತ್ತು ತುಂಬುವ ಮೊದಲೇ ಇದೇ ಕಾವಿನಲ್ಲಿ ಒಣಗಿ ಸತ್ತಿದ್ದ. ಅವನ ಅಪ್ಪನೂ ಹಾಗೇ ಹೋದವನು. ಕೂತು ದುಡಿಯುವವರ ರೋಗ, ಏನು ಮಾಡುವುದು ಎಂದು ಅತ್ತು ಸುಮ್ಮನಾಗಿದ್ದರು.

ಆದರೆ ಹಿರಿಯ ಮಗಳು ಜಾನಮ್ಮ ಸತ್ತಾಗ ಸುಬ್ಬಾತಾಳ್ ಸುಮ್ಮನಾಗಲಿಲ್ಲ. ಜಾನಮ್ಮನನ್ನು ತಿರುಪ್ಪೂರಿನ ಚೆನ್ನಕೇಶವನ್‌ಗೆ ಕೊಟ್ಟಿದ್ದರು. ಅವನು ಬನಿಯನ್ ಕಂಪನಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸದವನು. ಮದುವೆಯ ಮೇಲೆ ಜಾನಮ್ಮ ಮಗ್ಗ ಮುಟ್ಟಲಿಲ್ಲ. ಮಗ್ಗದಲ್ಲಿ ಕೂರದವಳಿಗೆ ಮಗ್ಗದ ಕಾವು ಹೇಗೆ ಬಂದೀತು? ಹಾಗಾದರೆ ಅವಳು ಕಡ್ಡಿಯಾಗಿ ಸತ್ತದ್ದು ಯಾತಕ್ಕೆ? ಸುಬ್ಬಾತಾಳ್ ತಲೆಯಲ್ಲಿ ಉತ್ತರ ಸಿದ್ಧವಾಯಿತು: ಅತ್ತೆ ಕಾಮಾಕ್ಷಿಯಮ್ಮ ಅನ್ನ ಹಾಕದೆ ಕೊಂದಳು. ಹೆಣ ಎತ್ತುವ ಮೊದಲೇ ಅದನ್ನು ಕೂಗಿ ಹೇಳಿದಳು.

ಮಾತು ಕುಲದ ಯಜಮಾನರ ತನಕ ಹೋಯಿತು. ಅಮ್ಮನ್ ಕೋಯಿಲಿನ, ಅಂದರೆ ದೇವಿಯ ಗುಡಿಯ, ಮಂಟಪದಲ್ಲಿ ಎರಡೂ ಕಡೆಯವರು ಸೇರಿದರು. ವೆಲ್ಲಿಂಗಿರಿ ಭಾವನ ಶರ್ಟಿನ ಕಾಲರ್ ಹಿಡಿದ. ಯಜಮಾನರು ತೀರ್ಪು ಕೊಟ್ಟರು. ಕಾಮಾಕ್ಷಿಯಮ್ಮ ತಾಂಬೂಲದ ತಟ್ಟೆ ಹಿಡಿದು, ಸಭೆಗೆ ಅಡ್ಡಬಿದ್ದು, ತಪ್ಪಾಯಿತು ಅಂದಳು. ಅದಾಗಿ ಮೂರು ವರ್ಷ. ಆಮೇಲೆ ಎರಡು ಮನೆಗೂ ಹೋಗುಬರುವುದು ನಿಂತಿತು. ಜಾನಮ್ಮನ ಒಬ್ಬಳೇ ಮಗಳು ಮಲ್ಲಿಗಾ ಎಷ್ಟು ಬೆಳೆದಿದ್ದಾಳೆ ಅನ್ನುವುದೂ ಈ ಕಡೆಯವರಿಗೆ ಗೊತ್ತಿರಲಿಲ್ಲ.

ಮಜ್ಜಿಗೆಯಿಂದ ರಕ್ತ ನಿಲ್ಲಲಿಲ್ಲ. ಪೊಳ್ಳಾಚಿಯ ಮೂಲವ್ಯಾಧಿ ವೈದ್ಯನ ಲೇಹ್ಯದಿಂದಲೂ ನಿಲ್ಲಲಿಲ್ಲ. ಪಂಗುನಿ ತಿಂಗಳಲ್ಲಿ ವೆಲ್ಲಿಂಗಿರಿ ಮಗ್ಗದ ಕುಣಿಯಿಂದ ಮೇಲೇಳಲಾಗದೆ ಕುಸಿದ. ಅದು 1985. ಅಪ್ಪ ತೀರಿಹೋದ ವಯಸ್ಸಿಗೆ ಇನ್ನು ಒಂದೆರಡು ವರ್ಷವಷ್ಟೆ ಬಾಕಿ. ಪಂಕಜಂ ಅತ್ತೆಯನ್ನು ಒಂದು ಮಾತೂ ಕೇಳದೆ ಕಾರು ಕರೆಸಿದಳು. ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗೆ ನಾಲ್ವರೂ ಹೋದರು.

ಅಲ್ಲಿ ಡಾಕ್ಟರು ಕೈಗವಸು ಹಾಕಿಕೊಂಡು ಪರೀಕ್ಷೆ ಮಾಡಿದಾಗ ವೆಲ್ಲಿಂಗಿರಿ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿದ್ದ. ಆಮೇಲೆ ಕೊಳವೆ ಹಾಕಿ ನೋಡಿದರು. ಹೊರಗೆ ಬಂದು ಮನೆಯವರನ್ನು ಕರೆದು ತಮಿಳಿನಲ್ಲಿ ಕೇಳಿದರು.

"ಇವರ ತಂದೆ ಹೇಗೆ ತೀರಿಕೊಂಡರು?"

"ತೆಂಗಿನಮರದಿಂದ ಬಿದ್ದು" ಅಂದಳು ಸುಬ್ಬಾತಾಳ್. ಲಿಂಗಪ್ಪನ್ ಅಟ್ಟದ ಏಣಿ ಹತ್ತಲೂ ಹೆದರುತ್ತಿದ್ದ ಮನುಷ್ಯ.

"ತಂದೆಯ ತಂದೆ?"

"ವಯಸ್ಸಾಗಿತ್ತು."

"ಒಡಹುಟ್ಟಿದವರು?"

"ಒಬ್ಬಳು ಹೆರಿಗೆಯಲ್ಲಿ ಹೋದಳು."

ಹಿಂದೆ ಊಟದ ಕ್ಯಾರಿಯರ್ ಹಿಡಿದು ನಿಂತಿದ್ದ ರುಕ್ಮಣಿ ಮುಂದೆ ಬಂದಳು. "ಸುಳ್ಳು, ಡಾಕ್ಟರ್. ಅಪ್ಪ ರಕ್ತ ಹೋಗಿ ಸತ್ತರು. ತಾತನೂ ಹಾಗೇ. ಅಕ್ಕ ಒಣಗಿ ಹೋದಳು, ಅವಳಿಗೆ ಏನಾಗಿತ್ತೋ ನಮಗೆ ಗೊತ್ತಿಲ್ಲ."

ಸುಬ್ಬಾತಾಳ್ ಅವಳ ತೋಳು ಚಿವುಟಿದಳು. ರುಕ್ಮಣಿಯ ಮದುವೆ ಉಡುಮಲೈಪೇಟೆಯ ಹುಡುಗನಿಗೆ ಮಾತಾಗಿ, ಆವಣಿ ತಿಂಗಳಿಗೆ ದಿನ ಇಡುವುದಿತ್ತು. ಇಪ್ಪತ್ತಾರು ವಯಸ್ಸಿನ ಹುಡುಗಿಗೆ ಇನ್ನೊಂದು ಸಂಬಂಧ ಸಿಗುವುದು ಕಷ್ಟ.

ಡಾಕ್ಟರು ಹೇಳಿದರು: "ಇದು ಮೂಲವ್ಯಾಧಿ ಅಲ್ಲ, ಕೂತು ಬಂದದ್ದೂ ಅಲ್ಲ. ಇವರ ಕರುಳಿನ ಒಳಗೆಲ್ಲ ಗುಳ್ಳೆಗಳಿವೆ, ನೂರಾರು. ಹುಟ್ಟುವಾಗಲೇ ತಂದೆಯಿಂದ ಒಂದು ತಪ್ಪು ಮೈಯ ಕಣಕಣಕ್ಕೂ ಇಳಿದುಬಂದಿರುತ್ತದೆ. ಅದರಿಂದ ಈ ಗುಳ್ಳೆಗಳು ಏಳುತ್ತವೆ. ವರ್ಷ ಕಳೆದ ಹಾಗೆ ಯಾವುದೋ ಒಂದು ಗುಳ್ಳೆಯಲ್ಲಿ ಆ ತಪ್ಪಿನ ಮೇಲೆ ಇನ್ನೊಂದು ತಪ್ಪು, ಅದರ ಮೇಲೆ ಮತ್ತೊಂದು ಸೇರುತ್ತದೆ. ಆಗ ಅದು ಕ್ಯಾನ್ಸರ್. ಇವರದು ಒಂದು ಆಗಿಬಿಟ್ಟಿದೆ, ಆಪರೇಷನ್ ಮಾಡಬೇಕು."

"ನಮ್ಮ ಮನೆಯಲ್ಲಿ ಯಾರೂ ಕೆಟ್ಟ ಚಾಳಿಯವರಿಲ್ಲ" ಅಂದಳು ಸುಬ್ಬಾತಾಳ್.

"ಚಾಳಿಯ ಮಾತಲ್ಲ, ಅಮ್ಮ. ತಂದೆಗಿದ್ದರೆ ಮಕ್ಕಳಲ್ಲಿ ಅರ್ಧ ಜನಕ್ಕೆ ಬರಬಹುದು. ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಹತ್ತು ಹನ್ನೆರಡು ವಯಸ್ಸಿನಿಂದಲೇ ಪರೀಕ್ಷೆ ಮಾಡಿಸಬೇಕು. ಮೊದಲೇ ಕಂಡರೆ ಕೆಟ್ಟ ಕರುಳನ್ನು ತೆಗೆದು ಜೀವ ಉಳಿಸಬಹುದು. ತಡವಾದರೆ ನನ್ನ ಕೈಲಿ ಏನೂ ಇಲ್ಲ. ತೀರಿಹೋದ ಮಗಳಿಗೆ ಮಕ್ಕಳಿದ್ದಾರಾ?"

"ಇಲ್ಲ" ಅಂದಳು ಸುಬ್ಬಾತಾಳ್.

ಈ ಸಲ ರುಕ್ಮಣಿಯೂ ಬಾಯಿ ತೆರೆಯಲಿಲ್ಲ. ಅಕ್ಕ ಯಾವ ರೋಗದಲ್ಲಿ ಸತ್ತಳೆಂದು ಅವಳಿಗೆ ಆ ಕ್ಷಣದಲ್ಲಿ ಹೊಳೆದಿತ್ತು. ಕೋಯಿಲಿನ ನೆಲದ ಮೇಲೆ ಅಡ್ಡಬಿದ್ದಿದ್ದ ಮುದುಕಿಯ ಬೆನ್ನು ಕಣ್ಣಮುಂದೆ ಬಂದು ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಆಪರೇಷನ್ ಆಗಿ ವೆಲ್ಲಿಂಗಿರಿ ಮನೆಗೆ ಬಂದಾಗ ಅವನ ಹೊಟ್ಟೆಯ ಮೇಲೆ ಒಂದು ಚೀಲ ಇತ್ತು. ಮಲ ಇನ್ನು ಮೇಲೆ ಅದರಲ್ಲೇ. ಅವನು ಎಲ್ಲರ ಜೊತೆ ಉಣ್ಣಲು ಒಪ್ಪಲಿಲ್ಲ, ತಟ್ಟೆ ತೆಗೆದುಕೊಂಡು ಹಿತ್ತಲ ಬಾಗಿಲಲ್ಲಿ ಕೂರುತ್ತಿದ್ದ. ಪಂಕಜಂ ತನ್ನ ತಟ್ಟೆಯನ್ನೂ ಅಲ್ಲಿಗೇ ಒಯ್ದಳು.

"ವಾಸನೆ ಬರುತ್ತೆ, ಆ ಕಡೆ ಹೋಗು."

"ಮೂಗು ನನ್ನದು. ನಿಮಗೇನು ಕಷ್ಟ? ಅರಿಸಿಪರುಪ್ಪು ಬೇಳೆ ಅನ್ನ, ಬಿಸಿ ಆರೋ ಮೊದಲು ತಿನ್ನಿ."

ಚೀಲ ತೊಳೆಯುವುದು, ಬಟ್ಟೆ ಕುದಿಸುವುದು, ಅಡುಗೆ, ಅದರ ಮೇಲೆ ಗಂಡ ಬಿಟ್ಟ ಮಗ್ಗದಲ್ಲಿ ಅರ್ಧಕ್ಕೆ ನಿಂತ ಸೀರೆ. ಪಂಕಜಂ ಎಲ್ಲವನ್ನೂ ಮಾಡಿದಳು. ಅಡುಗೆಯ ಖಾರದ ಬಗ್ಗೆ ಸುಬ್ಬಾತಾಳ್ ಈಗ ಸೊಲ್ಲೆತ್ತುತ್ತಿರಲಿಲ್ಲ. ಹೊಗಳಲೂ ಇಲ್ಲ, ಅದು ಅವಳಿಂದ ಆಗುವ ಕೆಲಸವಲ್ಲ.

ಒಂದು ಮಧ್ಯಾಹ್ನ ವೆಲ್ಲಿಂಗಿರಿ ಮಗ್ಗದ ಮೇಲಿನ ಜಕಾರ್ಡ್ ಅಟ್ಟೆಗಳನ್ನು ಕೆಳಗಿಳಿಸಿ ತಾಯಿಗೆ ತೋರಿಸಿದ. ಸೀರೆಯಂಚಿನ ಹೂವು ಬರುವುದು ಈ ತೂತು ಹೊಡೆದ ರಟ್ಟಿನ ಅಟ್ಟೆಗಳಿಂದ.

"ಇದರಲ್ಲಿ ಒಂದು ತೂತು ತಪ್ಪಿದ್ರೆ ಏನಾಗುತ್ತಮ್ಮಾ?"

"ಹೂವು ತಪ್ಪುತ್ತೆ."

"ಒಂದು ಹೂವಾ?"

"ಅಂಚು ಪೂರ್ತಿ ತಪ್ಪುತ್ತೆ. ಇದೆಲ್ಲ ನನಗೆ ಪಾಠ ಹೇಳ್ತೀಯಾ?"

"ಈ ಅಟ್ಟೆ ನೋಡಿ ಹೊಸ ಅಟ್ಟೆ ಹೊಡೆದ್ರೆ ಅದರಲ್ಲೂ ಅದೇ ತಪ್ಪು ತಾನೆ ಬರೋದು? ಡಾಕ್ಟರು ಹೇಳಿದ್ದು ಅದೇ. ಅಪ್ಪನ ಅಟ್ಟೆ ನನಗೆ. ಅಕ್ಕನಿಗೂ ಅದೇ."

ಸುಬ್ಬಾತಾಳ್ ರಾಟೆ ನಿಲ್ಲಿಸಲಿಲ್ಲ. "ನಿಮ್ಮಪ್ಪನ್ನ ಸತ್ತ ಮೇಲೂ ಬೈಬೇಡ" ಅಂದಳು.

ಪಂಗುನಿಯಾಗಿ ಎರಡು ತಿಂಗಳಿಗೆ, ವೈಕಾಸಿಯಲ್ಲಿ, ರುಕ್ಮಣಿ ತಾನೇ ಅತ್ತಿಗೆಯನ್ನು ಕರೆದುಕೊಂಡು ಪರೀಕ್ಷೆಗೆ ಹೋದಳು. ಮದುವೆಯಾಗದ ಹುಡುಗಿ ಆ ಜಾಗಕ್ಕೆ ಕೊಳವೆ ಹಾಕಿಸಿಕೊಳ್ಳುವುದೇ ಎಂದು ತಾಯಿ ಎರಡು ದಿನ ಅತ್ತಿದ್ದಳು. ಬಸ್ಸಿನಲ್ಲಿ ಹೋಗುವಾಗ ರುಕ್ಮಣಿಗೂ ಅಳು ಬಂದಿತ್ತು, ತೋರಿಸಿಕೊಳ್ಳಲಿಲ್ಲ. ಕರುಳು ಸ್ವಚ್ಛವಾಗಿತ್ತು, ಒಂದು ಗುಳ್ಳೆಯೂ ಇರಲಿಲ್ಲ. ಸುಬ್ಬಾತಾಳ್ ಓಡಿಹೋಗಿ ಅಮ್ಮನ್ ಕೋಯಿಲಿನಲ್ಲಿ ತೆಂಗಿನಕಾಯಿ ಒಡೆದು ಬಂದಳು. ಆ ದಿನ ಮನೆಯಲ್ಲಿ ಸಂದಗೈ ಶಾವಿಗೆ ಒತ್ತಿ, ತೆಂಗಿನಹಾಲು ಮಾಡಿ, ಎಲ್ಲರೂ ಹಿತ್ತಲಲ್ಲೇ ಒಟ್ಟಿಗೆ ಕೂತರು.

"ಮುಗೀತು. ಇನ್ನು ಈ ಮಾತು ಈ ಮನೆ ಹೊಸಿಲು ದಾಟಬಾರದು. ಉಡುಮಲೈಯವರು ಕೇಳಿದ್ರೆ ವೆಲ್ಲಿಂಗಿರಿಗೆ ಹೊಟ್ಟೆಯಲ್ಲಿ ಗೆಡ್ಡೆ ಇತ್ತು, ತೆಗೆದ್ರು, ಅಷ್ಟೇ" ಅಂದಳು ಸುಬ್ಬಾತಾಳ್.

ರುಕ್ಮಣಿ ಕೈ ತಟ್ಟೆಯಲ್ಲೇ ನಿಲ್ಲಿಸಿದಳು. "ಮಲ್ಲಿಗಾ?"

"ಅವಳು ಆ ಮನೆ ಮಗಳು. ಅವರು ನೋಡ್ಕೊಳ್ತಾರೆ."

"ಅವರಿಗೆ ಗೊತ್ತೇ ಇಲ್ಲ, ಹೇಗಮ್ಮಾ ನೋಡ್ಕೊಳ್ತಾರೆ? ನಾವು ಹೇಳಿದ್ರೆ ತಾನೆ ಗೊತ್ತಾಗೋದು?"

"ಹೇಳೋಕೆ ಹೋದ್ರೆ ಏನಂತ ಹೇಳ್ಲಿ? ನಿಮ್ಮನ್ನ ಕೋಯಿಲಲ್ಲಿ ಬೀಳಿಸಿದ್ವಿ, ರೋಗ ನಮ್ಮದೇ ಅಂತಲಾ? ಎಲ್ಲಾ ಒಂದೇ ಕುಲ. ಬೆಳಗ್ಗೆ ತಿರುಪ್ಪೂರಲ್ಲಿ ಹೇಳಿದ್ರೆ ಸಾಯಂಕಾಲ ಉಡುಮಲೈಗೆ ಗೊತ್ತಾಗುತ್ತೆ. ನಿನ್ನ ಮದುವೆ ನಿಲ್ಲುತ್ತೆ."

"ನಿಲ್ಲಲಿ."

"ನಿಲ್ಲಲಿ ಅಂತೀಯಾ? ನಾನು ಯಾರಿಗೋಸ್ಕರ ಇಷ್ಟೆಲ್ಲಾ ಮುಚ್ಚಿಡ್ತಾ ಇದ್ದೀನಿ ಡೀ?"

"ನನ್ನ ಹೆಸರು ಹೇಳ್ಬೇಡ. ನಿನಗೆ ಕಾಮಾಕ್ಷಿಯಮ್ಮನ ಮುಖ ನೋಡೋಕೆ ವೆಕ್ಕ, ನಾಚಿಕೆ, ಅದಕ್ಕೆ!"

ಸುಬ್ಬಾತಾಳ್ ಮಗಳ ಕೆನ್ನೆಗೆ ಹೊಡೆದಳು. ಬೆಳೆದ ಹುಡುಗಿಗೆ ಹೊಡೆದು ತಾನೇ ಬೆಚ್ಚಿದಳು. ಪಂಕಜಂ ತಣ್ಣಗೆ ಅಂದಳು: "ನನ್ನ ಹೊಟ್ಟೆಯಲ್ಲಿ ಒಂದೂ ಹುಟ್ಟಲಿಲ್ಲ ಅಂತ ಇಷ್ಟು ವರ್ಷ ಅಂದ್ರಿ, ಅತ್ತೆ. ನಿಮ್ಮ ಗಂಡನ ವಂಶಕ್ಕೆ ಉಳಿದಿರೋ ಮೊಮ್ಮಗಳು ಅವಳೊಬ್ಬಳೇ. ಅವಳನ್ನೂ ಇಲ್ಲ ಅಂತ ಡಾಕ್ಟರಿಗೆ ಹೇಳಿ ಬಂದ್ರಿ."

ಮೂರ್ನಾಲ್ಕು ದಿನ ಹೆಂಗಸರು ಮಗ್ಗ, ರಾಟೆ ಬಿಟ್ಟು ಏಳಲಿಲ್ಲ. ಆಮೇಲೆ ಒಂದು ಬೆಳಗ್ಗೆ ವೆಲ್ಲಿಂಗಿರಿ ಒಗೆದ ಶರ್ಟು ಹಾಕಿಕೊಂಡು, ಚೀಲದ ಮೇಲೆ ಟವೆಲ್ ಸುತ್ತಿಕೊಂಡು ಹೊರಟ.

"ಎಲ್ಲಿಗೆ?"

"ತಿರುಪ್ಪೂರಿಗೆ. ಭಾವನ ಕಾಲರ್ ಹಿಡಿದವನು ನಾನು. ನಾನೇ ಹೋಗ್ತೀನಿ."

ಹೊಸಿಲಲ್ಲೇ ಚೀಲ ಬಿಚ್ಚಿಕೊಂಡಿತು. ಶರ್ಟು, ಪಂಚೆ, ನೆಲ ಎಲ್ಲವೂ ಕೆಟ್ಟವು. ಎದುರುಮನೆಯವರು ಮುಖ ತಿರುಗಿಸಿ ಒಳಗೆ ಹೋದರು. ಅವನು ಅಲ್ಲೇ ಕೂತು ಮಗುವಿನ ಹಾಗೆ ಅತ್ತ. ಪಂಕಜಂ ನೀರು ತರಲು ಓಡಿದಳು. ಸುಬ್ಬಾತಾಳ್ ಮಗನ ತಲೆಯ ಮೇಲೆ ಕೈಯಿಟ್ಟಳು. ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು.

"ನೀನು ಮಲಕ್ಕೋ. ನಾನು ಹೋಗಿ ಬರ್ತೀನಿ" ಅಂದಳು.

ತಿರುಪ್ಪೂರಿನಲ್ಲಿ ಕಾಮಾಕ್ಷಿಯಮ್ಮನ ಮನೆ ಒಂದು ಓಣಿಯ ಕೊನೆಯಲ್ಲಿ. ಜಗುಲಿಯ ತುಂಬ ಹೊಲಿದ ಬನಿಯನ್‌ಗಳ ರಾಶಿ. ಮುದುಕಿ ಅದರ ನಡುವೆ ಕೂತು ಸಣ್ಣ ಕತ್ತರಿಯಲ್ಲಿ ಹೊಲಿಗೆಯ ಎಳೆ ಕತ್ತರಿಸುತ್ತಿದ್ದಳು. ಬಂದವಳನ್ನು ನೋಡಿ ಎದ್ದಳು, ಒಳಗಿಂದ ಒಂದು ಚೊಂಬು ನೀರು ತಂದಿಟ್ಟಳು, ಮತ್ತೆ ಕೂತು ಕತ್ತರಿ ಹಿಡಿದಳು. ಬಾಯಲ್ಲಿ ಬಾ ಅನ್ನಲಿಲ್ಲ.

"ಮಾಪಿಳ್ಳೆ ಇಲ್ವಾ?" ಅಂದಳು ಸುಬ್ಬಾತಾಳ್, ಅಳಿಯನಿಗಾಗಿ ಒಳಗೆ ಇಣುಕಿ.

"ಕಂಪನಿಗೆ ಹೋಗಿದ್ದಾನೆ. ಇನ್ನೊಂದು ಮದುವೆ ಮಾಡೋಣ ಅಂದ್ರೆ ಅನ್ನ ಹಾಕದ ಮನೆಗೆ ಯಾರು ಹೆಣ್ಣು ಕೊಡ್ತಾರೆ? ಬಂದ ವಿಷಯ ಹೇಳಿ."

ಬಸ್ಸಿನಲ್ಲಿ ಸುಬ್ಬಾತಾಳ್ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ಒಂದೂ ನೆನಪಿಗೆ ಬರಲಿಲ್ಲ. ಜಗುಲಿಯ ಕೆಳಗಿನ ಮೆಟ್ಟಿಲಲ್ಲಿ ಕೂತಳು.

"ವೆಲ್ಲಿಂಗಿರಿಗೆ ಕ್ಯಾನ್ಸರ್. ಕರುಳಲ್ಲಿ. ಅದು ನಮ್ಮ ಮನೇದು, ಬೀಗಿತಿ, ಅವರಪ್ಪನ ರಕ್ತದಿಂದ ಬಂದದ್ದು. ಜಾನಮ್ಮಂಗೂ ಅದೇ ಇತ್ತು. ನೀವು ಅನ್ನ ಹಾಕ್ಲಿಲ್ಲ ಅಂತ ನಾನು ಹೇಳಿದ್ದು ಸುಳ್ಳು. ಸುಳ್ಳು ಅಂತ ಗೊತ್ತಿದ್ದು ಹೇಳಿದ್ದಲ್ಲ, ಆದ್ರೂ ಸುಳ್ಳು."

ಕತ್ತರಿ ನಿಲ್ಲಲಿಲ್ಲ. "ಗೊತ್ತು" ಅಂದಳು ಕಾಮಾಕ್ಷಿಯಮ್ಮ.

"ಏನು ಗೊತ್ತು?"

"ಅವಳಿಗೆ ರಕ್ತ ಹೋಗ್ತಿದ್ದದ್ದು ಗೊತ್ತು. ಅವಳ ಸೀರೆ ಒಗೆದವಳು ನಾನು ತಾನೆ? ಆಸ್ಪತ್ರಿಗೆ ಬಾ ಅಂದೆ, ಬರ್ಲಿಲ್ಲ. ಅಪ್ಪನ ಕಾವು ನನಗೂ ಬಂದಿದೆ ಅಂತ ಜನಕ್ಕೆ ತಿಳಿದ್ರೆ ರುಕ್ಮಣಿನ ಯಾರೂ ಕಟ್ಕೊಳ್ಳಲ್ಲ, ಅಮ್ಮನಿಗೂ ಹೇಳ್ಬೇಡಿ ಅತ್ತೆ ಅಂತ ಕೈ ಹಿಡಿದು ಸತ್ಯ ಮಾಡಿಸ್ಕೊಂಡ್ಳು."

"ಅಷ್ಟು ಜನ ಸೇರಿದ್ದಾಗಲಾದ್ರೂ ಹೇಳ್ಬಹುದಿತ್ತಲ್ಲ!"

"ಸತ್ತವಳಿಗೆ ಕೊಟ್ಟ ಮಾತು. ಹೇಳಿದ್ರೆ ನೀವು ನಂಬ್ತಿದ್ರಾ?"

ಸುಬ್ಬಾತಾಳ್‌ಗೆ ಅಲ್ಲೇ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ರುಕ್ಮಣಿಗೆ ಮದುವೆಯಾಗಲೆಂದು ಈ ಹೆಂಗಸು ಕೊಲೆಗಾತಿಯ ಹೆಸರು ಹೊತ್ತುಕೊಂಡು ಕೂತಿದ್ದಳು. ಇಷ್ಟು ದೊಡ್ಡ ನಾಚಿಕೆ ಅವಳಿಗೆ ಜನ್ಮದಲ್ಲಿ ಆಗಿರಲಿಲ್ಲ. ಮುಂದೆ ಬಾಗಿ ಕಾಲು ಹಿಡಿಯಲು ಹೋದಳು. ಕಾಮಾಕ್ಷಿಯಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ಅದೇ ಮಂಟಪದಲ್ಲಿ ನಾನು ತಟ್ಟೆ ಹಿಡಿದು ಬೀಳ್ತೀನಿ. ಎಲ್ಲರ ಎದುರಿಗೆ ಹೇಳ್ತೀನಿ."

"ಆಮೇಲೆ ಬೀಳುವಿರಂತೆ. ಹೋದ ಮಾನಕ್ಕೆ ಇನ್ನು ಅವಸರ ಇಲ್ಲ. ಇದನ್ನ ಹೇಳೋಕಾ ಇಷ್ಟು ದೂರ ಬಂದ್ರಿ?"

"ಇಲ್ಲ. ಮಲ್ಲಿಗಾಗೋಸ್ಕರ." ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಅರ್ಧ ಜನಕ್ಕೆ ಬರುತ್ತದಂತೆ, ರುಕ್ಮಣಿಗೆ ಇಲ್ಲವಂತೆ, ಹತ್ತು ವಯಸ್ಸಿನಿಂದಲೇ ನೋಡಬೇಕಂತೆ, ಮೊದಲೇ ಕಂಡರೆ ಉಳಿಸುತ್ತಾರಂತೆ.

ಕತ್ತರಿ ಕೆಳಗೆ ಬಿತ್ತು. "ಮಗೂಗಾ? ದೊಡ್ಡವರಿಗೆ ಬರೋ ಕಾವು ಅಂತ ತಾನೆ ನಾನು ಮುಚ್ಚಿಟ್ಟದ್ದು. ಮಗೂಗೂ ಬರುತ್ತಾ?" ಕಾಮಾಕ್ಷಿಯಮ್ಮ ಇವಳ ಕಡೆ ತಿರುಗಿ ಕೂತಳು. "ಡಾಕ್ಟರು ಇದನ್ನ ಯಾವಾಗ ಹೇಳಿದ್ರು?"

ನಿನ್ನೆ ಅನ್ನಬಹುದಿತ್ತು. ಸುಬ್ಬಾತಾಳ್‌ಗೆ ಸುಳ್ಳು ಹೇಳಿ ಸಾಕಾಗಿತ್ತು. "ಪಂಗುನಿಯಲ್ಲಿ" ಅಂದಳು.

"ಈಗ ಆನಿ ಹುಟ್ಟಿದೆ. ಮೂರು ತಿಂಗಳು ಏನು ಮಾಡ್ತಿದ್ರಿ?"

"ವೆಕ್ಕ ಆಯ್ತು."

ಕಾಮಾಕ್ಷಿಯಮ್ಮ ಬೈಯಲಿಲ್ಲ. ಎದ್ದು ಒಳಬಾಗಿಲ ಕಡೆ ತಿರುಗಿ ಕೂಗಿದಳು. ಮಲ್ಲಿಗಾ ಬಂದಳು. ಹದಿಮೂರರ ಹುಡುಗಿ, ಎರಡು ಜಡೆ, ತೆಳ್ಳನೆಯ ಮುಖ. ಎಲ್ಲವನ್ನೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳೆಂದು ನೋಡಿದರೆ ತಿಳಿಯುತ್ತಿತ್ತು.

"ನನ್ನ ಕಣ್ಣು, ನಿಜ ಹೇಳು. ಹೊರಕಡೆಗೆ ಹೋದಾಗ ರಕ್ತ ಬೀಳುತ್ತಾ?"

ಹುಡುಗಿ ತಲೆ ತಗ್ಗಿಸಿದಳು. ಪಾವಾಡೆ ಲಂಗದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಹೇಳಮ್ಮಾ. ಯಾರೂ ಬೈಯಲ್ಲ."

"ಅಮ್ಮ ಹೇಳ್ಬೇಡ ಅಂದಿದ್ಳು."

"ಏನು ಹೇಳ್ಬೇಡ ಅಂದಿದ್ಳು?"

"ನಂಗೂ ಬರ್ತಾ ಇದೆ ಅಂತ ಅಮ್ಮಂಗ್ ಹೇಳಿದೆ. ಅವಳು ಮಲಗಿದ್ದಾಗ. ಬಾಯಿ ಮುಚ್ಚು, ನೆಗಮಂ ಅಮ್ಮಿಚ್ಚಿಗೆ ಗೊತ್ತಾದ್ರೆ ಮಾನ ಹೋಗುತ್ತೆ ಅಂದ್ಳು."

ತಾಯಿಯ ತಾಯಿಯನ್ನು ಆ ಕಡೆ ಅಮ್ಮಿಚ್ಚಿ ಎಂದು ಕರೆಯುತ್ತಾರೆ. ಆ ಅಮ್ಮಿಚ್ಚಿ ತನ್ನೆದುರಿಗೆ ಕೂತಿದ್ದಾಳೆಂದು ಹುಡುಗಿಗೆ ಗೊತ್ತಿತ್ತು, ಅದಕ್ಕೇ ಅವಳು ಮುಖ ಎತ್ತಲಿಲ್ಲ. ಕಾಮಾಕ್ಷಿಯಮ್ಮ ಬನಿಯನ್‌ಗಳ ರಾಶಿಯನ್ನು ದಾಟಿ ಒಳಗೆ ಹೋಗಿ ಹುಡುಗಿಯ ಚಪ್ಪಲಿ ತಂದು ಮುಂದಿಟ್ಟಳು.

ಸುಬ್ಬಾತಾಳ್ ಮೆಟ್ಟಿಲು ಹತ್ತಿ ಮೊಮ್ಮಗಳ ಕೈ ಹಿಡಿದುಕೊಂಡಳು.

"ಅಮ್ಮಿಚ್ಚಿಗೆ ಗೊತ್ತಾಯ್ತು, ಕಣ್ಣು" ಅಂದಳು. "ನಡಿ, ಡಾಕ್ಟರಿಗೂ ಹೇಳೋಣ."